ಟಬ್ಬಿನ ಪಂದ್ಯ

ಎಲ್ಬರ್ಸ್ ಮಿಲ್, ಜಾರ್ಜಿಯಾ
16 ಫೆಬ್ರವರಿ 1969

ಒಡೆಲ್,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನೀನು ಇದನ್ನು ಒಲೆಗೆ ಹಾಕಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ನೀನು ಡೆಟ್ರಾಯಿಟ್ ಸೇರಿ ಆರು ವರ್ಷವಾಯಿತು. ನಾನು ಬರೆಯಲಿ ಎಂದು ನೀನು ಕಾದೆ, ನೀನು ಬರೆಯಲಿ ಎಂದು ನಾನು. "ನಿಮ್ಮಿಬ್ರಿಗೂ ಮೀಸೆ ನರೆತಿದೆ, ಬುದ್ಧಿ ಮಾತ್ರ ಇನ್ನೂ ಚಡ್ಡಿ ಹಾಕ್ಕೊಂಡು ಓಡಾಡ್ತಿದೆ" ಅಂತ ನನ್ನ ಹೆಂಡತಿ ಮೊಜೆಲ್ ದಿನಾ ಬೈಯುತ್ತಾಳೆ.

ವಿಷಯಕ್ಕೆ ಬರುತ್ತೇನೆ. ನ್ಯಾಯಾಲಯದ ಆದೇಶ ಬಂದಾಗಿದೆ. ಮುಂದಿನ ವರ್ಷ ನಮ್ಮ ಕಪ್ಪು ಮಕ್ಕಳ ಶಾಲೆಗಳನ್ನೆಲ್ಲ ಮುಚ್ಚಿ ಬಿಳಿಯರ ಶಾಲೆಗಳ ಜೊತೆ ಸೇರಿಸುತ್ತಾರೆ. ಶಾಲೆ ಒಂದಾದ ಮೇಲೆ ರಾಜ್ಯದ ಆಯ್ದ ಹುಡುಗರ ಆಲ್‌ಸ್ಟಾರ್ ಫುಟ್‌ಬಾಲ್ ಪಂದ್ಯ ಎರಡು ಯಾಕೆ? ಅವರದು ಉಳಿಯುತ್ತದೆ. ನಮ್ಮ ಟಬ್ಬಿನ ಪಂದ್ಯ ಈ ಆಗಸ್ಟ್‌ಗೆ ಮುಗಿಯುತ್ತದೆ.

ಕೊನೆಯ ಪಂದ್ಯದ ಪುಸ್ತಿಕೆಯಲ್ಲಿ ಅದರ ಇತಿಹಾಸ ಇರಬೇಕು, ನೀನೇ ಬರೆ ಎಂದು ಹೆಡ್‌ಮಾಸ್ಟರುಗಳೆಲ್ಲ ಸೇರಿ ನನ್ನ ತಲೆಗೆ ಕಟ್ಟಿದ್ದಾರೆ. ಮೊದಲ ಹದಿನೈದು ವರ್ಷ ರಾಜ್ಯದ ದಕ್ಷಿಣದ ಹುಡುಗರನ್ನು ನಾನು, ಉತ್ತರದವರನ್ನು ನೀನು ಆಡಿಸಿದೆವು. ಆದ್ದರಿಂದ ನಿನ್ನನ್ನು ಕೇಳದೆ ಹೇಗೆ ಬರೆಯಲಿ? ಸದ್ಯಕ್ಕೆ ಹೀಗೆ ಶುರು ಮಾಡಿದ್ದೇನೆ: "1948ರ ಮೊದಲ ಪಂದ್ಯವನ್ನು ದಕ್ಷಿಣ ಸುಲಭವಾಗಿ ಗೆದ್ದಿತು. ಉತ್ತರದ ಹುಡುಗರು ತಡವಾಗಿ ಬಂದರು, ಬಂದಾಗಲೇ ಸುಸ್ತಾಗಿದ್ದರು."

ತಪ್ಪಿದ್ದರೆ ತಿಳಿಸು.

ಲೂಷಿಯಸ್ ಟಾರ್ಪ್ಲಿ


ಡೆಟ್ರಾಯಿಟ್
2 ಮಾರ್ಚ್ 1969

ಲೂಷಿಯಸ್,

ಪ್ರತಿ ಭಾನುವಾರ ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುವ ಮನುಷ್ಯ ನೀನು! ಬರೆಯುವಾಗ ಕೈ ನಡುಗಲಿಲ್ಲವೇ? ಗೆದ್ದದ್ದು ಉತ್ತರ. ಆರು–ಸೊನ್ನೆ. ಆ ಸೊನ್ನೆ ನಿನ್ನದು.

ತಡವಾಗಿ ಬಂದದ್ದು ನಿಜ. ಯಾಕೆ ಅಂತ ಬರೆ, ಇತಿಹಾಸ ಅಂದರೆ ಅದು. ನಮ್ಮ ಬಸ್ಸಿನ ಎಂಜಿನ್ ಊರು ಬಿಡುವ ಮೊದಲೇ ಹೊಗೆ ಕಾರಿ ಕೂತಿತು. ಬೇರೆ ಬಸ್ಸು ಯಾರು ಕೊಡುತ್ತಾರೆ? ಕೊನೆಗೆ ಊರಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ಗ್ಯಾಡ್ಸನ್ ಸಾಹೇಬರ ಬಾಗಿಲು ಬಡಿದೆ. ಪುಣ್ಯಾತ್ಮ ಎರಡು ಶವದ ಗಾಡಿ, ಮೂರು ಕರಿ ಕಾರು ಕೊಟ್ಟರು. "ಇವತ್ತು ಯಾರೂ ಸತ್ತಿಲ್ಲ, ಸಂಜೆಯೊಳಗೆ ವಾಪಸ್ ತನ್ನಿ" ಅಂದರು. ಶವದ ಗಾಡಿಗಳಲ್ಲಿ ಹುಡುಗರು ಸೌದೆ ಜೋಡಿಸಿದ ಹಾಗೆ ಮಲಗಿದರು, ಪರದೆ ಎಳೆದೆವು.

ದಾರಿಯುದ್ದಕ್ಕೂ ಜನ ಟೋಪಿ ತೆಗೆದು ನಿಂತರು. ಹೊಲದಲ್ಲಿ ಕೆಲಸ ಮಾಡುತ್ತಿದ್ದವರು ತಲೆ ತಗ್ಗಿಸಿದರು. ಒಂದು ಪೇಟೆಯ ಚೌಕದಲ್ಲಿ ಮೋಟರ್ ಸೈಕಲ್ ಮೇಲಿದ್ದ ಬಿಳಿ ಪೊಲೀಸ್ ಎಲ್ಲ ಗಾಡಿಗಳನ್ನೂ ತಡೆದು, ಟೋಪಿ ಎದೆಗಿಟ್ಟುಕೊಂಡು ನಮಗೆ ದಾರಿ ಬಿಡಿಸಿದ. ಒಳಗೆ ಹುಡುಗರು ನಗು ತಡೆಯಲಾರದೆ ಮುಷ್ಟಿ ಕಚ್ಚಿಕೊಳ್ಳುತ್ತಿದ್ದರು. ಉಸಿರಾಡುತ್ತಿದ್ದಾಗ ಅಂಥ ಮರ್ಯಾದೆ ನಮಗೆ ಯಾವ ಪೊಲೀಸನೂ ಕೊಟ್ಟಿರಲಿಲ್ಲ.

ಮೈದಾನ ತಲುಪಿ ಹಿಂಬಾಗಿಲು ತೆಗೆದಾಗ ದೊಡ್ಡ ಆರ್ಥರ್ ಹೆಲ್ಮೆಟ್ ಹಾಕಿಕೊಂಡು ಮೆಲ್ಲಗೆ ಎದ್ದು ಕೂತ. ನಿನ್ನ ತಂಡದಲ್ಲಿದ್ದನಲ್ಲ, ಗೂಳಿಯಂಥ ಆ ಹುಡುಗ, "ಯೇಸಪ್ಪಾ!" ಅಂತ ಕಿರುಚಿ ಬೇಲಿ ಹಾರಿ ಓಡಿದ. ಅವನನ್ನು ಹಿಡಿದು ತರುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಮೈದಾನದ ಗೆರೆಗಳನ್ನು ಎಳೆಯಲು ಸುಣ್ಣ ಸಾಲದೆ ನೀನು ಜೋಳದ ಹಿಟ್ಟು ಹಾಕಿಸಿದ್ದೆ. ಊರ ನಾಯಿಗಳು ಬಂದು ಗೋಲಿನ ಗೆರೆಯನ್ನೇ ನೆಕ್ಕಿಬಿಟ್ಟಿದ್ದವು. ಇದನ್ನೂ ಬರೆ.

ಗೆದ್ದವರಿಗೆ ಕಪ್ ಎಲ್ಲಿ ಅಂತ ಕೇಳಿದಾಗ ನೀನು ಆಕಾಶ ನೋಡಿದೆ. ಆಗ ತಂಗಿ ಮೊಜೆಲ್ ಅಲ್ಲವೇ, ಲಿಂಬೆ ಶರಬತ್ತು ಕಲಸಿದ್ದ ಬಟ್ಟೆ ಒಗೆಯುವ ತಗಡಿನ ಟಬ್ಬನ್ನು ಬೋರಲು ಹಾಕಿ, ಸೆರಗಿನಲ್ಲಿ ಒರೆಸಿ ಆರ್ಥರ್ ಕೈಗೆ ಕೊಟ್ಟವಳು? ಪಂದ್ಯಕ್ಕೆ ಹೆಸರು ಬಂದದ್ದು ಅವಳಿಂದ. ಮೊದಲ ಸಾಲಿನಲ್ಲಿ ಅವಳ ಹೆಸರು ಹಾಕು, ನಿನ್ನದಲ್ಲ.

ಒಡೆಲ್ ಬ್ಯಾಸ್ಕಮ್


ಎಲ್ಬರ್ಸ್ ಮಿಲ್
20 ಏಪ್ರಿಲ್ 1969

ಪ್ರಿಯ ಒಡೆಲ್,

ಗಾಳ ಹಾಕಿದೆ, ಇಷ್ಟು ದೊಡ್ಡ ಮೀನು ಬೀಳುತ್ತದೆ ಅಂದುಕೊಂಡಿರಲಿಲ್ಲ. ನಿನ್ನ ಕಾಗದವನ್ನು ಮೊಜೆಲ್ ಊಟದ ಮೇಜಿನ ಮೇಲೆ ಜೋರಾಗಿ ಓದಿದಳು. ನಕ್ಕು ನಕ್ಕು ಅವಳ ಕನ್ನಡಕ ಸಾರಿನ ಬಟ್ಟಲಿಗೆ ಬಿತ್ತು. "ಸೆರಗಲ್ಲ, ಏಪ್ರನ್ನು. ಒಡೆಲ್ ಅಣ್ಣನಿಗೆ ಬಟ್ಟೆ ಜ್ಞಾನ ಮೊದಲಿಂದ್ಲೂ ಇಲ್ಲ" ಎಂದು ತಿಳಿಸಬೇಕಂತೆ.

ಈಗ ಇನ್ನೊಂದು ಮಾತು. ಮುಂದಿನ ವರ್ಷದ ಜಂಟಿ ಪಂದ್ಯದ ಬಗ್ಗೆ ಮಾತಾಡಲು ಬಿಳಿಯರ ಕೋಚ್‌ಗಳ ಸಂಘದವರು ಕರೆದಿದ್ದರು. ಕಾಫಿ ಕೊಟ್ಟರು, ಕುರ್ಚಿ ಕೊಟ್ಟರು. ಒಂದೊಂದು ಕಡೆಗೆ ನಲವತ್ತು ಹುಡುಗರು, ಅದರಲ್ಲಿ ನಮ್ಮವರು ಎಂಟು. ದಕ್ಷಿಣಕ್ಕೆ ಮುಖ್ಯ ಕೋಚ್ ಯಾರ್ಬ್ರೋ ಎಂಬಾತ. ನನಗೆ ಸಹಾಯಕನ ಜಾಗ, ಸಾಮಾನು ಸರಂಜಾಮು ನೋಡಿಕೊಳ್ಳುವುದು. "ಯೋಚಿಸಿ ಹೇಳ್ತೀನಿ" ಅಂದು ಎದ್ದು ಬಂದೆ.

ನನ್ನ ಶಾಲೆಯಲ್ಲಿ ಕ್ಲೀವನ್ ಪಿಟ್ಸ್ ಅಂತ ಒಬ್ಬ ಹುಡುಗನಿದ್ದಾನೆ. ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೆ ಬರಬೇಕು, ಯಾರು ಎಲ್ಲಿ ಓಡಬೇಕು ಅಂತ ಅವನೇ ಹೇಳಬೇಕು, ಆಮೇಲೆ ಎಸೆಯಬೇಕು. ಇಷ್ಟು ವರ್ಷದಲ್ಲಿ ಇಂಥ ತೋಳು, ಅದಕ್ಕಿಂತ ಹೆಚ್ಚಾಗಿ ಇಂಥ ತಲೆ, ನಾನು ಕಂಡಿಲ್ಲ. ಮುಂದಿನ ವರ್ಷ ಅವನಿಗೆ ಜಂಟಿ ಪಂದ್ಯ ಆಡುವ ವಯಸ್ಸಾಗುತ್ತದೆ. ಅವರು ನಮ್ಮ ಹುಡುಗರನ್ನು ಓಡಲು ಬಿಡುತ್ತಾರೆ, ಹಿಡಿಯಲು ಬಿಡುತ್ತಾರೆ. ಆಟ ನಡೆಸಲು ಬಿಡುವುದನ್ನು ಯಾರಾದರೂ ಕಂಡಿದ್ದಾರೆಯೇ?

ಅದು ಮುಂದಿನ ವರ್ಷದ ಚಿಂತೆ. ಈ ವರ್ಷದ್ದು ಹೇಳುತ್ತೇನೆ. ಕೊನೆಯ ಟಬ್ಬಿನ ಪಂದ್ಯಕ್ಕೆ ಉತ್ತರದ ಕೋಚ್ ಆಗಿ ಬಾ.

ನಿನ್ನ,
ಲೂಷಿಯಸ್

ಒಡೆಲ್ ಅಣ್ಣ, ನೀನು ಬಾ. ನಿನ್ನ ಕಾಗದ ಬರುವವರೆಗೂ ಇವರು ಅಂಚೆ ಡಬ್ಬಿಯ ಸುತ್ತ ಕೋಳಿ ತಿರುಗಿದ ಹಾಗೆ ತಿರುಗ್ತಿದ್ರು. ನಾನು ಹೇಳಿದೆ ಅಂತ ಹೇಳಬೇಡ. – ಮೊಜೆಲ್


ಡೆಟ್ರಾಯಿಟ್
8 ಜೂನ್ 1969

ಪ್ರಿಯ ಲೂಷಿಯಸ್, ತಂಗಿ ಮೊಜೆಲ್,

ಬರಲಾಗುವುದಿಲ್ಲ. ಮೂರು ಕಾರಣ ಕೊಡುತ್ತೇನೆ. ಆಗಸ್ಟ್‌ನಲ್ಲಿ ಇಲ್ಲಿ ಮಕ್ಕಳ ಬೇಸಿಗೆ ಶಿಬಿರವಿದೆ. ನನ್ನ ಕಾರು ಪಕ್ಕದ ರಾಜ್ಯ ಒಹಾಯೋ ಕೂಡ ದಾಟುವುದಿಲ್ಲ. ಬಲ ಮೊಣಕಾಲು ನೋಯುತ್ತದೆ. ಇದರಲ್ಲಿ ಒಂದು ನಿಜ. ಯಾವುದು ಅಂತ ಮೊಜೆಲ್ ಕೇಳದಿರಲಿ.

ಆ ಸಲ ಮತದ ಹಕ್ಕಿನ ಮನವಿಗೆ ರುಜು ಹಾಕಿದ ವಾರದಲ್ಲೇ ಶಾಲೆಯ ಮಂಡಳಿಯವರು ನನ್ನನ್ನು ಕರೆದು, "ಮುಂದಿನ ವರ್ಷ ನೀನು ಬೇಕಾಗಿಲ್ಲ" ಅಂದರಲ್ಲ, ಹೇಳಿದವನ ಮುಖದಲ್ಲಿ ಸಿಟ್ಟಿರಲಿಲ್ಲ, ಲೂಷಿಯಸ್. ನಗುತ್ತಿದ್ದ. ಮಳೆ ಬರಬಹುದು ಅಂತ ಹೇಳುವ ಹಾಗೆ ಹೇಳಿದ. ಅವತ್ತು ಬಸ್ಸು ಹತ್ತಿದವನು ಕಿಟಕಿಯಿಂದ ಹಿಂದಕ್ಕೆ ನೋಡಲಿಲ್ಲ.

ಇಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಹಗ್ಗ ಹತ್ತುವುದು ಕಲಿಸುತ್ತೇನೆ. ಒಳ್ಳೆಯ ಮಕ್ಕಳು. ಮೇಲೆ ಹೋದವರು ಇಳಿಯಲು ಹೆದರುತ್ತಾರೆ.

ಉತ್ತರಕ್ಕೆ ಬೇರೆ ಯಾರಾದರೂ ಯುವಕನನ್ನು ಹಾಕಿ. ನಿನ್ನನ್ನು ಸೋಲಿಸಲು ನಾನೇ ಬೇಕು ಅಂತ ಏನಿಲ್ಲ.

ಒಡೆಲ್


ಎಲ್ಬರ್ಸ್ ಮಿಲ್
25 ಆಗಸ್ಟ್ 1969

ಪ್ರಿಯ ಒಡೆಲ್,

ಕ್ಷೇಮವಾಗಿ ಡೆಟ್ರಾಯಿಟ್ ಮುಟ್ಟಿರಬೇಕು.

ನಿನ್ನ ಎದುರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಪಂದ್ಯಕ್ಕೆ ಎರಡು ದಿನ ಮೊದಲು ಅಭ್ಯಾಸ ಮಾಡಿಸುತ್ತಿದ್ದೆನಲ್ಲ, ಬೇಲಿಯ ಆಚೆಯಿಂದ ಒಂದು ಧ್ವನಿ ಬಂತು: "ಆ ಎಡಗಡೆಯವನ ಕಾಲು ನೋಡ್ರೋ, ಬೇರು ಬಿಟ್ಟಿದೆ! ಇನ್ನೆರಡು ದಿನ ಬಿಟ್ರೆ ಎಲೆ ಚಿಗುರುತ್ತೆ!" ನಾನು ತಿರುಗಲಿಲ್ಲ. ಹುಡುಗರಿಗೆ ಮೈದಾನ ಸುತ್ತಿ ಬನ್ನಿ ಅಂದೆ. ಅವರು ಓಡಿ ಬರುವಷ್ಟು ಹೊತ್ತು ನನಗೆ ಬೇಕಿತ್ತು. ಆಮೇಲೆ ತಿರುಗಿ, "ಶಿಬಿರ ಏನಾಯ್ತೋ?" ಅಂದೆ. "ಮಕ್ಕಳೆಲ್ಲ ಹಗ್ಗದಿಂದ ಇಳಿದ್ರು" ಅಂದೆ ನೀನು. ಅಷ್ಟೇ ಮಾತು. ಉತ್ತರದ ಆ ಯುವಕ ಕೋಚ್ ನಿನ್ನ ಕೈಗೆ ಸೀಟಿ ಕೊಟ್ಟು ಹಿಂದೆ ಸರಿದ ರೀತಿ ನೋಡಿದೆಯಾ? ಪಾದ್ರಿಗೆ ಬೈಬಲ್ ಕೊಟ್ಟ ಹಾಗೆ.

ಹತ್ತೊಂಬತ್ತು–ಹತ್ತೊಂಬತ್ತು! ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಸಮ ಆಗದ ಪಂದ್ಯ ಕೊನೆಯ ಸಲ ಸಮ ಆಗಬೇಕೇ? ಟಬ್ಬು ಯಾರಿಗೆ ಅಂತ ನಾವಿಬ್ಬರೂ ಮೈದಾನದ ಮಧ್ಯೆ ಕೈ ಕೈ ಮಿಲಾಯಿಸುವಷ್ಟು ಜಗಳವಾಡುತ್ತಿದ್ದಾಗ ಮೊಜೆಲ್ ಬಂದು, "ಇಪ್ಪತ್ತೆರಡು ವರ್ಷದಿಂದ ಕೇಳ್ಬೇಕು ಅಂದ್ಕೊಂಡಿದ್ದೆ. ಅದು ನನ್ನ ಟಬ್ಬು, ತರ್ರೀ ಇಲ್ಲಿ" ಅಂತ ಕಂಕುಳಲ್ಲಿ ಇಟ್ಟುಕೊಂಡು ಹೋದಳಲ್ಲ. ನಿನ್ನೆ ಅದರಲ್ಲಿ ಟೊಮೇಟೊ ತೊಳೆದಳು.

ಜನ ಹೋದ ಮೇಲೆ ನಾವು ಬೆಂಚಿನ ಮೇಲೆ ಕೂತಿದ್ದೆವು. ಕತ್ತಲಾಗುವವರೆಗೂ ನೀನು ಜೊತೆಗಿದ್ದದ್ದು ಒಳ್ಳೆಯದಾಯಿತು.

ನಿನ್ನ,
ಲೂಷಿಯಸ್


ಡೆಟ್ರಾಯಿಟ್
11 ಜನವರಿ 1970

ಪ್ರಿಯ ಲೂಷಿಯಸ್,

ಇಲ್ಲಿ ಕಿಟಕಿಯ ಅರ್ಧದವರೆಗೆ ಹಿಮ. ಕಾರು ಎಲ್ಲಿದೆ ಅಂತ ನೆನಪಿನ ಮೇಲೆ ಹುಡುಕುತ್ತೇನೆ.

ಸಹಾಯಕನ ಜಾಗದ ಬಗ್ಗೆ ನೀನು ಇನ್ನೂ ಯೋಚಿಸುತ್ತಿದ್ದೀಯ ಅಂತ ಕೇಳಿದೆ. ಯೋಚಿಸಲು ಏನಿದೆ? ರಾಜ್ಯದ ಅರ್ಧ ಭಾಗದ ಹುಡುಗರಿಗೆ ಆಟ ಕಲಿಸಿದವನು ನೀನು. ಈಗ ಅವರ ಒದ್ದೆ ಟವೆಲ್ ಹೊರಬೇಕೇ? ಯಾರ್ಬ್ರೋ ಅಂಗಿ ಬಿಚ್ಚಿದರೆ ಮೊಳೆಗೆ ಸಿಕ್ಕಿಸಬೇಕೇ? ಬೇಡ ಅನ್ನು. ನಯವಾಗಿ ಬೇಡ ಅನ್ನಲು ಬಾರದಿದ್ದರೆ ನನ್ನನ್ನು ಕರೆ, ನಾನು ಬಂದು ಅನ್ನುತ್ತೇನೆ.

ಕೋಪದಲ್ಲಿ ಬರೆದಿದ್ದೇನೆ. ಕೋಪ ಇಳಿದ ಮೇಲೆ ಓದಿದರೂ ಇದೇ ಸರಿ ಅನ್ನಿಸುತ್ತಿದೆ.

ಒಡೆಲ್


ಎಲ್ಬರ್ಸ್ ಮಿಲ್
15 ಮಾರ್ಚ್ 1970

ಪ್ರಿಯ ಒಡೆಲ್,

ಒಪ್ಪಿಕೊಂಡೆ.

ಬೈಯುವ ಮೊದಲು ಕೇಳು. ನಮ್ಮ ಎಂಟು ಹುಡುಗರು ಆ ಕೋಣೆಯೊಳಗೆ ಹೋದಾಗ ಪರಿಚಯದ ಒಂದು ಮುಖವಾದರೂ ಇರಬೇಡವೇ? ಟವೆಲ್ ಹೊತ್ತುಕೊಂಡಿದ್ದರೂ ಪರವಾಗಿಲ್ಲ, ಮುಖ ನನ್ನದೇ ತಾನೆ.

ಒಂದು ಷರತ್ತು ಹಾಕಿದೆ. ಜಂಟಿ ಪಂದ್ಯದ ಪುಸ್ತಿಕೆಯಲ್ಲಿ ಅವರ ಪಂದ್ಯದ ಇತಿಹಾಸದ ಪಕ್ಕದಲ್ಲಿ ನಮ್ಮದೂ ಇರಬೇಕು. ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಒಂದು ಪುಟ ಕೊಡಬಹುದು" ಅಂದರು. ಎಂಟು ಪುಟವನ್ನು ಒಂದಕ್ಕೆ ಇಳಿಸಲು ಕೂತೆ. ನನ್ನ ಗೆಲುವುಗಳನ್ನೆಲ್ಲ ಒಂದೊಂದಾಗಿ ಹೊಡೆದು ಹಾಕಿದೆ. ನಿನ್ನ ಶವದ ಗಾಡಿ ಮಾತ್ರ ಹಾಗೇ ಉಳಿದಿದೆ. ಅದನ್ನು ತೆಗೆಯಲು ಮೊಜೆಲ್ ಬಿಡಲಿಲ್ಲ.

ಹೊಸ ಶಾಲೆಯಲ್ಲಿ ನನಗೆ ಕೊಟ್ಟಿರುವ ಪಾಠ ಯಾವುದು ಗೊತ್ತೇ? ಮಕ್ಕಳಿಗೆ ಕಾರು ಓಡಿಸುವುದು ಕಲಿಸಬೇಕಂತೆ. ಮೊಜೆಲ್ ನಕ್ಕಿದ್ದೇ ನಕ್ಕಿದ್ದು. ನನ್ನ ಪಕ್ಕ ಕೂತು ಚರ್ಚಿಗೆ ಹೋಗುವಾಗ ಉದ್ದಕ್ಕೂ ಪ್ರಾರ್ಥನೆ ಮಾಡುವವಳು ಅವಳು.

ನಿನ್ನ,
ಲೂಷಿಯಸ್


ಎಲ್ಬರ್ಸ್ ಮಿಲ್
17 ಆಗಸ್ಟ್ 1970

ಪ್ರಿಯ ಒಡೆಲ್,

ನೀನು ಕಾಗದ ಬರೆಯದಿದ್ದರೂ ಕಾಯುತ್ತಿದ್ದೀಯ ಅಂತ ಗೊತ್ತು. ಶನಿವಾರ ಪಂದ್ಯ ಆಯಿತು. ಮೊದಲಿಂದ ಹೇಳುತ್ತೇನೆ.

ಒಂದು ವಾರ ಮೊದಲೇ ಹುಡುಗರನ್ನೆಲ್ಲ ಕಾಲೇಜೊಂದರ ಹಾಸ್ಟೆಲಿನಲ್ಲಿ ಇಟ್ಟರು. ಊಟದ ಕೋಣೆಯಲ್ಲಿ ನಮ್ಮ ಎಂಟು ಜನ ಒಂದು ಮೂಲೆ, ಮಿಕ್ಕವರು ಉಳಿದ ಕೋಣೆ. ಯಾರ್ಬ್ರೋ ದಪ್ಪ ಕತ್ತಿನ ಮನುಷ್ಯ, ಬಾಯಲ್ಲಿ ಸದಾ ಹಲ್ಲುಕಡ್ಡಿ. ನಾನು ಹೆದರಿದ್ದ ಹಾಗೇ ಆಯಿತು. ಕ್ಲೀವನ್‌ನನ್ನು ನೋಡಿ, "ಕಾಲು ಚೆನ್ನಾಗಿದೆ, ಓಡಿ ಹೋಗಿ ಚೆಂಡು ಹಿಡಿ" ಅಂದ. ಕ್ವಾರ್ಟರ್‌ಬ್ಯಾಕ್ ಜಾಗ ಡ್ವೈಟ್ ಎಂಬ ಬಿಳಿ ಹುಡುಗನಿಗೆ. ಕ್ಲೀವನ್ ನನ್ನ ಕಡೆ ನೋಡಿದ. ನಾನು ನೀರಿನ ಡಬ್ಬ ಹಿಡಿದು ನಿಂತಿದ್ದೆ. ಆ ಗಳಿಗೆಯಲ್ಲಿ ನಿನ್ನ ಜನವರಿಯ ಕಾಗದ ನೆನಪಾಯಿತು, ಸುಳ್ಳು ಹೇಳುವುದಿಲ್ಲ.

ಬುಧವಾರ ಮಧ್ಯಾಹ್ನ ಯಾರ್ಬ್ರೋ ಪುಸ್ತಿಕೆ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಟಾರ್ಪ್ಲಿ, ಈ ಶವದ ಗಾಡಿ ವಿಷಯ ನಿಜವೇನ್ರೀ?"

"ನಿಜ ಸಾರ್."

"ಪೊಲೀಸ್ ಟೋಪಿ ತೆಗೆದ?"

"ಎದೆ ಮೇಲೆ ಇಟ್ಕೊಂಡ."

ಅವನ ಭುಜ ಕುಣಿಯತೊಡಗಿತು, ಹಲ್ಲುಕಡ್ಡಿ ಬಿದ್ದುಹೋಯಿತು. ಅಲ್ಲೇ ಹುಲ್ಲಿನ ಮೇಲೆ ಕೂತು ಕಣ್ಣೊರೆಸಿಕೊಂಡು ನಕ್ಕ. ಸಂಜೆ ಊಟದ ಕೋಣೆಯಲ್ಲಿ ಎದ್ದು ನಿಂತು ಅದನ್ನು ಜೋರಾಗಿ ಓದಿಸಿದ. ಓದಿದವನು ಡ್ವೈಟ್. ನಾಯಿಗಳು ಗೋಲಿನ ಗೆರೆ ನೆಕ್ಕಿದ ಭಾಗಕ್ಕೆ ಬರುವಷ್ಟರಲ್ಲಿ ಅವನಿಗೂ ಓದಲಾಗಲಿಲ್ಲ. "ನೀನು ಓದೋ ಮಾರಾಯ" ಅಂತ ಕ್ಲೀವನ್ ಕೈಗೆ ಕೊಟ್ಟ. ಕ್ಲೀವನ್ ಡ್ವೈಟ್ ಕೂತಿದ್ದ ಮೇಜಿನ ಅಂಚಿನಲ್ಲಿ ಕೂತು ಓದಿದ. ಆಮೇಲೆ ಅಲ್ಲೇ ಕೂತು ಊಟ ಮಾಡಿದ.

ಪಂದ್ಯದ ದಿನ ಬೆಂಕಿಯಂಥ ಬಿಸಿಲು. ಕೊನೆಯ ಭಾಗಕ್ಕೆ ಬಂದಾಗ ಹದಿನಾಲ್ಕು–ಹತ್ತು, ನಾವು ಹಿಂದೆ; ಒಂದು ಸಲ ಚೆಂಡನ್ನು ಗೋಲಿನ ಗೆರೆ ದಾಟಿಸಿದರೆ ಗೆಲುವು ನಮ್ಮದು. ದಣಿದವರನ್ನು ತೆಗೆದೂ ತೆಗೆದೂ ಮುಂದಿನ ಸಾಲಿನಲ್ಲಿ ನಮ್ಮ ಹುಡುಗರೇ ಐದು ಜನ ಉಳಿದಿದ್ದರು. ಚೆಂಡು ಯಾವ ಎಣಿಕೆಗೆ ಬಿಡಬೇಕು, ಸಾಲು ಯಾವಾಗ ನುಗ್ಗಬೇಕು ಅಂತ ಡ್ವೈಟ್ ಕೂಗುವುದು ಅವರಿಗೆ ಹಿಡಿಯುತ್ತಿಲ್ಲ. ಮೂಗಿನೊಳಗೇ ಗಡಿಬಿಡಿಯಲ್ಲಿ ಕೂಗುತ್ತಾನೆ, ಪಾಪ. ಇವರು ಮೊದಲೇ ನುಗ್ಗಿಬಿಡುತ್ತಾರೆ, ಅಂಪೈರ್ ತಪ್ಪು ಅಂತ ನಮ್ಮನ್ನು ಐದು ಗಜ ಹಿಂದಕ್ಕೆ ಕಳಿಸುತ್ತಾನೆ. ಮತ್ತೆ ಅದೇ, ಮತ್ತೆ ಅದೇ. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಡ್ವೈಟ್ ತಾನೇ ಗೆರೆಯ ಹತ್ತಿರ ಓಡಿ ಬಂದ.

"ಕೋಚ್, ಪಿಟ್ಸ್‌ಗೆ ಕೊಡಿ. ಅವನ ಮಾತು ಅವರಿಗೆ ಕೇಳುತ್ತೆ. ನಾನು ಓಡಿ ಹಿಡೀತೀನಿ."

ಯಾರ್ಬ್ರೋ ಅವನನ್ನು ನೋಡಿದ, ಗ್ಯಾಲರಿಯನ್ನು ನೋಡಿದ, ಆಮೇಲೆ ನನ್ನನ್ನು.

"ಟಾರ್ಪ್ಲಿ, ನಿಮ್ಮ ಹುಡುಗ ಎಸೀತಾನಾ?"

"ಈ ವಾರ ಅವನು ನಿಮ್ಮ ಹುಡುಗ ಸಾರ್. ಎಸೀತಾನೆ."

"ಯಾವುದರಿಂದ ಶುರು ಮಾಡಿಸ್ಲಿ?"

ಒಡೆಲ್, ಸಂಘದ ಆ ಕುರ್ಚಿಯಲ್ಲಿ ಕೂತ ದಿನದಿಂದ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನೀರಿನ ಡಬ್ಬ ಕೆಳಗಿಟ್ಟೆ. ಹೇಳಿದೆ. ಅವನು ಹಾಗೇ ಮಾಡಿಸಿದ.

ಕ್ಲೀವನ್ ಬಗ್ಗಿ ಎಣಿಸತೊಡಗಿದಾಗ ಆ ಸಾಲು ಒಂದೇ ಮೈಯಂತೆ ಎದ್ದಿತು. ಎಸೆದ, ಓಡಿಸಿದ, ಮತ್ತೆ ಎಸೆದ. ಕೊನೆಯ ಗಳಿಗೆ. ಡ್ವೈಟ್ ಮೂಲೆಯ ಕಡೆ ಓಡಿದ, ಚೆಂಡು ಅವನ ಹೆಗಲ ಮೇಲಿಂದ ಬಂದು ಕೈಗೆ ಬಿತ್ತು. ಹಿಡಿದ. ಗೋಲಿನ ಗೆರೆಗೆ ಒಂದೇ ಗಜ ಇರುವಾಗ ಉತ್ತರದವರು ಇಬ್ಬರು ಅವನನ್ನು ಕೆಡವಿದರು. ಸೀಟಿ. ಮುಗಿಯಿತು.

ಸೋತೆವು. ಡ್ವೈಟ್ ಅಂಗಾತ ಬಿದ್ದು, "ನನ್ನ ಕೈ ಇನ್ನೊಂದು ಚೂರು ಉದ್ದ ಇರಬೇಕಿತ್ತು" ಅಂತ ಗೋಳಾಡುತ್ತಿದ್ದ. ಕ್ಲೀವನ್ ಅವನನ್ನು ಎಬ್ಬಿಸಿ, "ಕೈ ಅಲ್ಲ ಕಣೋ, ನಿನ್ನ ಕಾಲು ಗಿಡ್ಡ" ಅಂದ. ಯಾರ್ಬ್ರೋ ನನ್ನ ಹತ್ತಿರ ಬಂದ. "ಮೊದಲರ್ಧದಲ್ಲೇ ಕೇಳಬೇಕಿತ್ತು ನಾನು" ಅಂದ. "ಹೌದು ಸಾರ್, ಕೇಳಬೇಕಿತ್ತು" ಅಂದೆ. ಇಬ್ಬರೂ ಸೇರಿ ಹೆಲ್ಮೆಟ್ ಎತ್ತಿಟ್ಟೆವು.

ಗ್ಯಾಲರಿಯ ಕಥೆ ಹೇಳಲು ಮರೆತೆ. ಬಿಳಿಯರನ್ನೂ ನಮ್ಮನ್ನೂ ಬೇರೆ ಕೂರಿಸುವ ಹಗ್ಗ ಈ ಸಲ ಕಟ್ಟಿರಲಿಲ್ಲ. ಆದರೂ ನಮ್ಮವರು ಅಭ್ಯಾಸದ ಮೇಲೆ ಒಂದು ಕೊನೆಗೆ ಹೋಗಿ ಕೂತರು, ಅವರು ಇನ್ನೊಂದು ಕೊನೆಗೆ. ಮೊಜೆಲ್ ಮಾತ್ರ ಭಾನುವಾರದ ಟೋಪಿ ಹಾಕಿಕೊಂಡು ನಡುಮಧ್ಯದ ಸಾಲಿನಲ್ಲಿ ಕೂತಳು. ಸುತ್ತ ಎಲ್ಲ ಖಾಲಿ. ಪಂದ್ಯ ಮುಗಿಯುವವರೆಗೂ ಒಬ್ಬಳೇ ಕೂತಿದ್ದಳು, ನನಗಿಂತ ಜೋರಾಗಿ ಕೂಗುತ್ತ.

ಟೆನೆಸಿಯ ಒಂದು ಕಾಲೇಜಿನವರು ಕ್ಲೀವನ್‌ನನ್ನು ಕರೆದಿದ್ದಾರೆ. ಕ್ವಾರ್ಟರ್‌ಬ್ಯಾಕ್ ಆಗಿ.

ನಿನ್ನ,
ಲೂಷಿಯಸ್


ಡೆಟ್ರಾಯಿಟ್
6 ಸೆಪ್ಟೆಂಬರ್ 1970

ಪ್ರಿಯ ಲೂಷಿಯಸ್,

ದಕ್ಷಿಣ ಮತ್ತೆ ಸೋತಿತು. ಮೊದಲು ಇದನ್ನು ಬರೆದು ಮನಸ್ಸು ಹಗುರ ಮಾಡಿಕೊಂಡೆ.

ಜನವರಿಯಲ್ಲಿ ನಾನು ಬರೆದದ್ದು ತಪ್ಪು ಅಂತ ನೀನು ಅನ್ನಲಿಲ್ಲ. ನಾನೂ ಅನ್ನುವುದಿಲ್ಲ. ಆ ಡಬ್ಬ ಕೆಳಗಿಟ್ಟೆ ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದು ಕಾಗದ ಮಡಚಿ ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದೆ.

ಇಲ್ಲಿ ಒಂದು ಕ್ಷೌರದ ಅಂಗಡಿ ಇದೆ. ಜಾರ್ಜಿಯಾ ಬಿಟ್ಟು ಬಂದ ನಮ್ಮವರೆಲ್ಲ ಶನಿವಾರ ಅಲ್ಲಿ ಸೇರುತ್ತಾರೆ. ಟಬ್ಬಿನ ಪಂದ್ಯ ಆಡಿದವರೇ ನಾಲ್ಕು ಜನ ಸಿಗುತ್ತಾರೆ. ದೊಡ್ಡ ಆರ್ಥರ್ ಕಾರ್ ಕಾರ್ಖಾನೆಯಲ್ಲಿ ಮೇಸ್ತ್ರಿ ಈಗ. ನಿನ್ನ ಕಾಗದ ಓದಿದೆ. ಕ್ಷೌರ ಮಾಡುತ್ತಿದ್ದವನು ಕತ್ತರಿ ನಿಲ್ಲಿಸಿದ. ಆರ್ಥರ್ ಅರ್ಧ ತಲೆಯಲ್ಲಿ ಎದ್ದು ನಿಂತು, "ಒಂದು ಗಜಾನಾ? ಒಂದೇ ಗಜಾನಾ?" ಅಂತ ಮೂರು ಸಲ ಕೇಳಿದ. ಉತ್ತರದವನು ಅವನು, ಆದರೂ ಅತ್ತ. ಆಮೇಲೆ ಎಂದಿನಂತೆ ಜಗಳ ಶುರುವಾಯಿತು. ಮೊದಲು ಯಾವ ಆಟ ಆಡಿಸಬೇಕಿತ್ತು ಅಂತ ಪ್ರತಿಯೊಬ್ಬನಿಗೂ ನಿನಗಿಂತ ಚೆನ್ನಾಗಿ ಗೊತ್ತು.

ಜಗಳ ಮುಗಿಯದ್ದರಿಂದ ಒಂದು ತೀರ್ಮಾನಕ್ಕೆ ಬಂದೆವು. ಬರುವ ಆಗಸ್ಟ್‌ಗೆ ಎರಡು ಕಾರಿನಲ್ಲಿ ಬರುತ್ತೇವೆ. ನನ್ನದು ಒಹಾಯೋ ದಾಟುತ್ತದೋ ಇಲ್ಲವೋ ನೋಡಿಯೇಬಿಡೋಣ ಅಂತ ಆರ್ಥರ್ ಹೇಳಿದ್ದಾನೆ, ಎಂಜಿನ್ ಅವನೇ ಬಿಚ್ಚುತ್ತಾನಂತೆ. ದಾರಿಯಲ್ಲಿ ನನ್ನ ಹಳೆಯ ಊರಿನಲ್ಲೂ ನಿಲ್ಲಿಸಿ ಎಂದಿದ್ದೇನೆ. ಚೌಕದಲ್ಲಿ ಕೂತು ಒಂದು ಲೋಟ ಕಾಫಿ ಕುಡಿಯಬೇಕು.

ತಂಗಿ ಮೊಜೆಲ್‌ಗೆ ಹೇಳು, ಅದೇ ನಡುಮಧ್ಯದ ಸಾಲಿನಲ್ಲಿ ಜಾಗ ಹಿಡಿಯಲಿ. ಕೈಚೀಲ ಇಡಲಿ, ಟೋಪಿ ಇಡಲಿ, ಕೇಕ್ ಡಬ್ಬಿ ಇಡಲಿ. ನಾವು ಹನ್ನೊಂದು ಜನ. ಆರು ಉತ್ತರ, ಐದು ದಕ್ಷಿಣ. ಕೂಗುವುದು ಬೇರೆ ಬೇರೆ. ಕೂರುವುದು ಮಾತ್ರ ಅವಳ ಪಕ್ಕದಲ್ಲೇ, ಒಂದೇ ಸಾಲಿಗೆ.

ನಿನ್ನ,
ಒಡೆಲ್